ಗಡದ ಟಾಕೆಯ ನೀರಿಗೆ ಯಾವ ಫಿಲ್ಟರ್?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ, ಹಿಂಜೆವಾಡಿಯಲ್ಲಿ ಕೆಲಸ. ಡಿಸೆಂಬರಿನಲ್ಲಿ ನಾವು ಐದು ಜನ ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ನಡೆದು ಹೋಗುವವರಿದ್ದೇವೆ, ಎರಡು ರಾತ್ರಿ ಮೇಲೆಯೇ ವಸತಿ. ಹೋದ ವರ್ಷ ನೀರು ಮುಗಿದು, ಗಡದ ಮೇಲೆ ಬಂಡೆ ಕೊರೆದ ತೊಟ್ಟಿ ಇರುತ್ತದಲ್ಲ, ಆ ಟಾಕೆಯ ನೀರು ಕುಡಿದೆವು, ಇಬ್ಬರಿಗೆ ನಾಲ್ಕು ದಿನ ಭೇದಿ. ಈ ಸಲ ಗೆಳೆಯನೊಬ್ಬ ಅಮೆರಿಕದಿಂದ ಸ್ಟ್ರಾ ಫಿಲ್ಟರ್ ತಂದುಕೊಟ್ಟಿದ್ದಾನೆ. ಡಬ್ಬಿಯ ಮೇಲೆ ಶೇಕಡಾ 99.9999 ಬ್ಯಾಕ್ಟೀರಿಯಾ ತೆಗೆಯುತ್ತದೆ ಎಂದಿದೆ. ಅಷ್ಟು ಸಾಕೇ, ಅಥವಾ ದೊಡ್ಡದೊಂದು ಕೊಳ್ಳಬೇಕೇ? ಅಂಗಡಿಯವರು ಟಿಡಿಎಸ್ ಮೀಟರ್ ಕೂಡ ತಗೊಳ್ಳಿ ಎನ್ನುತ್ತಾರೆ. ನನ್ನ ಹೆಂಡತಿ ಮಾತ್ರ ಇದ್ಯಾವುದೂ ಬೇಡ, ನೀರು ಕುದಿಸಿ ಕುಡೀರಿ ಅಂತಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಫಿಲ್ಟರಿನ ಬಗ್ಗೆ ಬಹಳಷ್ಟಿದೆ, ನೀರಿನ ಬಗ್ಗೆ ಇರುವುದು "ಟಾಕೆಯ ನೀರು ಕುಡಿದೆವು" ಎಂಬುದೊಂದೇ ಮಾತು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಇಪ್ಪತ್ತೆರಡು ವರ್ಷ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೂತವನಿಗೆ ಡಬ್ಬಿಗಿಂತ ಮೊದಲು ಕಣ್ಣಿಗೆ ಬೀಳುವುದು ನೀರು.

ಸಹ್ಯಾದ್ರಿಯ ಕಪ್ಪು ಕಲ್ಲಿಗೆ ಉಳಿ ಹಾಕಿ ಮಳೆನೀರು ಹಿಡಿಯುವ ಕಲೆ ಗಡಗಳಿಗಿಂತ ಬಹಳ ಹಳೆಯದು. ನಾಣೇಘಾಟಿನ ಸಾತವಾಹನರ ಗವಿಯ ಆಸುಪಾಸಿನಲ್ಲಿ ಟಾಕೆಗಳಿವೆ. ಮುಂಬೈಯ ಕಾನ್ಹೇರಿಯಲ್ಲಂತೂ ಭಿಕ್ಷುಗಳ ಗವಿ ಗವಿಗೂ ಒಂದೊಂದು ಟಾಕೆ. ದಾನ ಮಾಡಿದವರ ಶಾಸನಗಳಲ್ಲಿ ಅದಕ್ಕೆ 'ಪೋಢಿ' ಎಂಬ ಹೆಸರಿದೆ. ರಾಜಗಡದ ಪದ್ಮಾವತಿ ಮಾಚಿ ಎಂಬ ಸಮತಟ್ಟು ಹಂತದ ಟಾಕೆಗಳೂ ಇದೇ ವಂಶದವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತುಂಬುತ್ತವೆ, ಆಮೇಲೆ ಅಲ್ಲೇ ನಿಲ್ಲುತ್ತವೆ. ಹರಿದುಹೋಗುವ ದಾರಿಯಿಲ್ಲ. ಬಿದ್ದದ್ದು ಅಲ್ಲೇ.

ಈಗ ಡಿಸೆಂಬರಿನ ಒಂದು ಶನಿವಾರ ರಾತ್ರಿ ನೆನಪು ಮಾಡಿಕೊಳ್ಳಿ. ದೇವಿಯ ಗುಡಿಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಮಲಗಿರುತ್ತಾರೆ, ಹೊರಗೆ ಟೆಂಟುಗಳ ಸಾಲು. ಬೆಳಗ್ಗೆ ಐದೂವರೆಗೆ ಇವರೆಲ್ಲ ಬಾಟಲಿ ಹಿಡಿದು ಯಾವ ಕಡೆ ಹೋಗುತ್ತಾರೆ? ಆ ಇಳಿಜಾರು ಎಲ್ಲಿಗೆ ಬಂದು ಮುಗಿಯುತ್ತದೆ? ಈ ಲೆಕ್ಕ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ನಿಮ್ಮ ಗೆಳೆಯ ತಂದ ಸ್ಟ್ರಾ ಕೆಟ್ಟದ್ದೇನಲ್ಲ. ಆದರೆ ಅದು ಹೊಂದುವುದು ಆ ನಾಡಿನ ಬೆಟ್ಟಗಳಿಗೆ. ಅಲ್ಲಿನ ಹಳ್ಳದಲ್ಲಿ ಹೆಚ್ಚಾಗಿ ಬೀಳುವುದು ಕಾಡುಪ್ರಾಣಿಯ, ದನದ ಮಲ. ಅದರಿಂದ ಬರುವ ಜಿಯಾರ್ಡಿಯಾ ಎಂಬ ಭೇದಿ ತರುವ ಪರಾವಲಂಬಿ, ಬ್ಯಾಕ್ಟೀರಿಯಾ ಅವರ ತಲೆನೋವು. ನಮ್ಮ ಗಡದ ಟಾಕೆಗೆ ಸೇರುವುದು ಮನುಷ್ಯನದು. ಮನುಷ್ಯನ ಮಲ ಬಂದಲ್ಲಿ ಮನುಷ್ಯನ ವೈರಸ್ಸೂ ಬರುತ್ತದೆ. ನಿಮ್ಮ ಡಬ್ಬಿಯನ್ನು ಇನ್ನೊಂದು ಸಲ ಓದಿ: ಬ್ಯಾಕ್ಟೀರಿಯಾಕ್ಕೆ ಎಷ್ಟು ಒಂಬತ್ತು, ಪರಾವಲಂಬಿಗೆ ಎಷ್ಟು ಒಂಬತ್ತು ಎಂದು ದಪ್ಪಕ್ಷರದಲ್ಲಿ ಇರುತ್ತದೆ. ವೈರಸ್ ಎಂಬ ಶಬ್ದವೇ ಇರುವುದಿಲ್ಲ.

ಏಕೆಂದರೆ ಇದು ಸಾಣಿಗೆಯ ಕೆಲಸ. ಸೂಜಿಯಷ್ಟು ತೆಳ್ಳಗಿನ ನೂರಾರು ಟೊಳ್ಳು ನಾರುಗಳು, ಅವುಗಳ ಗೋಡೆಯಲ್ಲಿ 0.1 ಅಥವಾ 0.2 ಮೈಕ್ರಾನಿನ ತೂತು. ಕಾಮಾಲೆ ತರುವ ಹೆಪಟೈಟಿಸ್ ವೈರಸ್ಸನ್ನು ಒಂದು ಗಸಗಸೆ ಕಾಳು ಅಂದುಕೊಳ್ಳಿ. ಅದೇ ಅಳತೆಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಒಂದು ಲಿಂಬೆಹಣ್ಣು, ಜಿಯಾರ್ಡಿಯಾ ಒಂದು ಕುಂಬಳಕಾಯಿ. ಸಾಣಿಗೆಯ ತೂತು ಮೂರರಿಂದ ಆರು ಗಸಗಸೆ ಸಾಲಾಗಿ ಹಿಡಿಸುವಷ್ಟು. ಕುಂಬಳಕಾಯಿ, ಲಿಂಬೆಹಣ್ಣು ಮೇಲೆ ನಿಲ್ಲುತ್ತವೆ, ಗಸಗಸೆ ಸಲೀಸಾಗಿ ಕೆಳಗೆ.

ಇದು ಪುಸ್ತಕದ ಭಯವಲ್ಲ ಎನ್ನುವುದಕ್ಕೆ ಪುಣೆಯವರಿಗೆ ದೂರ ಹೋಗಬೇಕಿಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ಕಿರ್ಕಟವಾಡಿ, ನಾಂದೇಡ್ ಗಾಂವ್ ಸುತ್ತ ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ ಎದ್ದದ್ದು ನಿಮಗೂ ಗೊತ್ತು. ಆಗ ಕೆಲವು ರೋಗಿಗಳ ಮಲದ ಮಾದರಿಗಳಲ್ಲಿ ಸಿಕ್ಕವು ಎರಡು ಹೆಸರುಗಳು: ಕ್ಯಾಂಪೈಲೋಬ್ಯಾಕ್ಟರ್ ಮತ್ತು ನೋರೋವೈರಸ್. ಮೊದಲನೆಯದು ಬ್ಯಾಕ್ಟೀರಿಯಾ, 0.1ರ ಫಿಲ್ಟರ್ ಅದನ್ನು ತಡೆಯುತ್ತದೆ. ಎರಡನೆಯದು ತಡೆಯದೆ ದಾಟುತ್ತದೆ.

ನನ್ನ ಸ್ವಂತ ಪಾಠ ಇನ್ನೂ ಹಳೆಯದು. ಆಗ ನಾನು ಧಾರವಾಡದಿಂದ ಪುಣೆಗೆ ಬಂದು ಎರಡನೆಯ ವರ್ಷ. ಪಿಂಗಾಣಿ ಕ್ಯಾಂಡಲಿನ ಪಂಪ್ ಫಿಲ್ಟರೊಂದನ್ನು ಹೆಮ್ಮೆಯಿಂದ ಹೊತ್ತು ಒಂದು ಗಡಕ್ಕೆ ಹೋಗಿದ್ದೆವು. ಎಲ್ಲರ ನೀರನ್ನೂ ನಾನೇ ಪಂಪ್ ಮಾಡಿ ಕೊಟ್ಟೆ. ಹೊಟ್ಟೆ ಯಾರದೂ ಕೆಡಲಿಲ್ಲ. ಐದನೆಯ ವಾರದಲ್ಲಿ ನನ್ನ ಕಣ್ಣು ಹಳದಿ, ಇನ್ನೊಬ್ಬನದೂ ಹಳದಿ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಮೈಯಲ್ಲಿ ಎರಡರಿಂದ ಆರೇಳು ವಾರ ಸುಮ್ಮನೆ ಕೂತಿದ್ದು ಆಮೇಲೆ ಮುಖ ತೋರಿಸುತ್ತವೆ. ಅಷ್ಟರಲ್ಲಿ ಗಡ ಮರೆತುಹೋಗಿ ಆಫೀಸಿನ ಕ್ಯಾಂಟೀನನ್ನು ಬೈಯುತ್ತಿರುತ್ತೇವೆ. ನಾನೂ ಬೈದೆ. "ನಾನು ಹತ್ತು ವರ್ಷದಿಂದ ಬರೀ ಫಿಲ್ಟರ್ ಮಾಡಿ ಕುಡೀತಿದ್ದೀನಿ, ಏನೂ ಆಗಿಲ್ಲ" ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುವುದು ಇದಕ್ಕೇ. 1955-56ರಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29 ಸಾವಿರ ಜನಕ್ಕೆ ಕಾಮಾಲೆಯಾಯಿತಲ್ಲ, ಅದು ಹೆಪಟೈಟಿಸ್ ಇ ಎಂದು ಗೊತ್ತಾಗಲು ದಶಕಗಳೇ ಬೇಕಾದವು. ಅಂದಹಾಗೆ ಹೆಪಟೈಟಿಸ್ ಎಗೆ ಲಸಿಕೆ ಇದೆ. ವಾರವಾರ ಗಡ ಹತ್ತುವವರು ತಮ್ಮ ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು. ಹೆಪಟೈಟಿಸ್ ಇ ಗರ್ಭಿಣಿಯರಿಗೆ ಜೀವಕ್ಕೇ ಕುತ್ತು ತರಬಲ್ಲದು, ಅದನ್ನೂ ನೆನಪಿಡಿ.

ಮಳೆಗಾಲದಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಇಲಿಜ್ವರದ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾವೇ ಆದರೂ ಎಳೆಯಂತೆ ತೆಳ್ಳಗೆ, ತಿರುಪಿನಂತೆ ಸುರುಳಿ. 0.2 ಮೈಕ್ರಾನಿನ ತೂತಿನಲ್ಲಿ ಅದು ನುಸುಳಿಕೊಂಡು ಹೋಗುವುದನ್ನು ಲ್ಯಾಬಿನವರೆಲ್ಲ ಬಲ್ಲರು. ಮುಂಬೈ, ಕೊಂಕಣ, ಗೋವಾದ ಮಳೆಯಲ್ಲಿ ಇಲಿಜ್ವರ ಹೊಸದಲ್ಲ. ಅದು ಬಾಯಿಗಿಂತ ಹೆಚ್ಚಾಗಿ ಕಾಲಿನ ಗಾಯದಿಂದ ಒಳಗೆ ಬರುತ್ತದೆ. ಹಾಗಾಗಿ ಕೆರೆದ ಕಾಲಿಟ್ಟುಕೊಂಡು ನಿಂತ ನೀರಿಗೆ ಇಳಿಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಪರಿಹಾರ ಬಹಳ ಸಣ್ಣದು, ಔಷಧದಂಗಡಿಯಲ್ಲಿ ಸಿಗುವಂಥದ್ದು: ಕ್ಲೋರಿನ್ ಮಾತ್ರೆ. ಫಿಲ್ಟರ್ ಬಿಟ್ಟ ವೈರಸ್ಸನ್ನೂ ಲೆಪ್ಟೋಸ್ಪೈರಾವನ್ನೂ ಕ್ಲೋರಿನ್ ಕೊಲ್ಲುತ್ತದೆ. ಕ್ಲೋರಿನ್ನಿಗೆ ಜಗ್ಗದ ಕ್ರಿಪ್ಟೋಸ್ಪೋರಿಡಿಯಂ ಎಂಬ ಗಟ್ಟಿ ಚಿಪ್ಪಿನ ಜೀವಿಯನ್ನು ಫಿಲ್ಟರ್ ಹಿಡಿಯುತ್ತದೆ. ಗಂಡ ಹೆಂಡಿರ ಹಾಗೆ, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಆದರೆ ಕ್ರಮ ತಪ್ಪಬಾರದು. ಮೊದಲು ಸೋಸಬೇಕು, ಆಮೇಲೆ ಮಾತ್ರೆ ಹಾಕಬೇಕು. ರಾಡಿ ನೀರಿಗೆ ನೇರವಾಗಿ ಹಾಕಿದರೆ ಕ್ಲೋರಿನ್ನೆಲ್ಲ ಪಾಚಿ, ಕೆಸರಿನ ಜೊತೆಗೇ ಖರ್ಚಾಗಿ ಸೂಕ್ಷ್ಮಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಹಾಕಿದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಒಂದು ಮಾತ್ರೆ ಎಷ್ಟು ಲೀಟರಿಗೆ ಎಂಬುದು ಮಾತ್ರೆಯಿಂದ ಮಾತ್ರೆಗೆ ಬದಲಾಗುತ್ತದೆ. ಒಂದು ಲೀಟರಿನದೂ ಇದೆ, ಇಪ್ಪತ್ತು ಲೀಟರಿನದೂ ಇದೆ, ಪಟ್ಟಿಯ ಮೇಲೆ ಓದಿಯೇ ಹಾಕಿ.

ವಾಸನೆ ಹಿಡಿಸದಿದ್ದರೆ ಲಿಂಬೆಹಣ್ಣು ಹಿಂಡಿ, ಆದರೆ ಅರ್ಧ ಗಂಟೆ ಕಳೆದ ಮೇಲೆ. ಲಿಂಬೆಯಲ್ಲಿರುವ ವಿಟಮಿನ್ ಸಿ ಕ್ಲೋರಿನ್ನನ್ನು ನುಂಗಿಹಾಕುತ್ತದೆ. ಮೊದಲೇ ಹಿಂಡಿದಿರೋ, ಮಾತ್ರೆ ಹಾಕಿಯೂ ಹಾಕದ ಹಾಗೆ. ಇದನ್ನು ತಪ್ಪಾಗಿ ಮಾಡುವವರನ್ನು ನಾನು ಪ್ರತಿ ಸೀಸನ್ನಿನಲ್ಲೂ ನೋಡುತ್ತೇನೆ. ಗ್ಲೂಕೋಸ್ ಪುಡಿ, ಕಿತ್ತಳೆ ಪುಡಿಗಳಲ್ಲೂ ಹಲವಕ್ಕೆ ವಿಟಮಿನ್ ಸಿ ಬೆರೆಸಿರುತ್ತಾರೆ, ಅವಕ್ಕೂ ಇದೇ ನಿಯಮ.

ಇನ್ನು ಕೊಳ್ಳುವ ಮಾತು. ಐದು ಜನಕ್ಕೆ ಸ್ಟ್ರಾ ಉಪಯೋಗವಿಲ್ಲ. ಅದರಿಂದ ಕುಡಿಯಬಹುದು, ಹೊತ್ತೊಯ್ಯಲು ಆಗದು, ಅನ್ನಕ್ಕೆ ನೀರಿಡಲೂ ಆಗದು. ಮೇಲಾಗಿ ಡಿಸೆಂಬರಿನ ಟಾಕೆಯಲ್ಲಿ ನೀರು ಅಂಚಿನಿಂದ ಕೆಳಕ್ಕೆ ಹೋಗಿರುತ್ತದೆ. ಪಾಚಿ ಹಿಡಿದ ಕಲ್ಲಿನ ಮೇಲೆ ಹೊಟ್ಟೆ ಮಲಗಿಸಿ ಸ್ಟ್ರಾ ಚಾಚುವ ಸಾಹಸ ಬೇಡ. ಅದು ಒಬ್ಬೊಬ್ಬರೇ ಹೋಗುವಾಗ ಜೇಬಿನಲ್ಲಿರಲಿ.

ನಿಮಗೆ ಬೇಕಾದದ್ದು ಚೀಲ ಹಿಂಡುವ ಅಥವಾ ಚೀಲ ತೂಗುಹಾಕುವ ಬಗೆಯದು. ಸಾಯರ್, ಕಟಡಿನ್ ಇಂಥ ಕಂಪನಿಗಳ 0.1 ಮೈಕ್ರಾನಿನ ಟೊಳ್ಳುನಾರಿನ ಫಿಲ್ಟರ್ ನೂರು ಗ್ರಾಮಿನ ಆಸುಪಾಸು ತೂಗುತ್ತದೆ. ಹಿಂಡುವುದು ಇಬ್ಬರಿಗೆ ಚೆನ್ನ, ಐವರಿಗೆ ಕೈ ಸೋಲುತ್ತದೆ. ಅದೇ ಫಿಲ್ಟರಿಗೆ ನಳಿಕೆ ಜೋಡಿಸಿ, ನಾಲ್ಕಾರು ಲೀಟರಿನ ಚೀಲವನ್ನು ಕೊಂಬೆಗೋ ಗುಡಿಯ ಗೂಟಕ್ಕೋ ತೂಗುಹಾಕಿದರೆ ನೀವು ಒಲೆ ಹಚ್ಚುವಷ್ಟರಲ್ಲಿ ನೀರು ತಾನೇ ಇಳಿದಿರುತ್ತದೆ. ನನ್ನ ಆಯ್ಕೆ ಇದೇ. ಸಾಯರ್ ಬಗೆಯವು ಕೋಲಾ ಬಾಟಲಿಯ ಕತ್ತಿಗೆ ಕೂರುತ್ತವೆ ಎಂಬುದು ದೊಡ್ಡ ಅನುಕೂಲ, ಚೀಲ ಹರಿದರೆ ಊರಲ್ಲೇ ಬದಲಿ ಸಿಗುತ್ತದೆ. ಆದರೆ ಎಲ್ಲ ನೀರಿನ ಬಾಟಲಿಗಳ ಕತ್ತೂ ಒಂದೇ ಅಳತೆಯದಲ್ಲ. ಮನೆಯಲ್ಲೇ ತಿರುಗಿಸಿ ನೋಡಿ, ಸೋರಿದರೆ ಬಿಡಿ.

ವೈರಸ್ಸನ್ನೂ ತಾವೇ ತೆಗೆಯುವ ಸಾಧನಗಳಿವೆ. ಗ್ರೇಲ್‌ನಂಥ ಒತ್ತುವ ಬಾಟಲಿ ಇದೆ, ಅತಿನೇರಳೆ ಬೆಳಕಿನ ಪೆನ್ನೂ ಇದೆ. ಬಾಟಲಿ ಒಳ್ಳೆಯದು, ಆದರೆ ಅರ್ಧರ್ಧ ಲೀಟರಿನ ಲೆಕ್ಕ, ಅದರ ಕಾರ್ಟ್ರಿಜ್ ಕೆಲವು ನೂರು ಲೀಟರಿಗೇ ಮುಗಿಯುತ್ತದೆ, ಬೆಲೆಯೂ ಜಾಸ್ತಿ. ಪೆನ್ನಿಗೆ ತಿಳಿನೀರು ಬೇಕು, ಬ್ಯಾಟರಿ ಬೇಕು. ಹಸಿರು ನೀರಿನಲ್ಲಿ ಬೆಳಕು ಹೋಗುವುದೇ ಇಲ್ಲ. ನಮ್ಮ ಅಂಗಡಿಗಳಲ್ಲಿ ಎಲ್ಲಕ್ಕೂ ಪ್ಯೂರಿಫೈಯರ್ ಅನ್ನುತ್ತಾರೆ. ಅಮೆರಿಕದ ಪರಿಸರ ಇಲಾಖೆಯ 1987ರ ಅಳತೆಗೋಲಿನ ಪ್ರಕಾರ ಆ ಹೆಸರು ಪಡೆಯಲು ಬ್ಯಾಕ್ಟೀರಿಯಾ ಶೇಕಡಾ 99.9999, ವೈರಸ್ 99.99, ಪರಾವಲಂಬಿ 99.9 ಹೋಗಬೇಕು. ಡಬ್ಬಿಯಲ್ಲಿ ನಡುವಿನ ಅಂಕಿ ಇದೆಯೋ ಎಂದು ನೋಡಿ, ಇರದಿದ್ದರೆ ಅದು ಫಿಲ್ಟರ್. ಹೆಸರಿಲ್ಲದ ಕಂಪನಿಯೊಂದು 0.01 ಮೈಕ್ರಾನ್ ಎಂದು ಅಗ್ಗಕ್ಕೆ ಮಾರುತ್ತಿದ್ದರೆ, ಯಾವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಕೇಳಿ. ಅಂಕಿ ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಟಿಡಿಎಸ್ ಮೀಟರ್ ಕೊಳ್ಳಬೇಡಿ. ಅದು ಅಳೆಯುವುದು ಕರಗಿದ ಲವಣವನ್ನು. ಟಾಕೆಯಲ್ಲಿರುವುದು ಮಳೆನೀರು, ಮೀಟರಿನಲ್ಲಿ ಅಂಕಿ ಬಹಳ ಕಡಿಮೆ ಬರುತ್ತದೆ, ನಿಮ್ಮ ಸೊಸೈಟಿಯ ಬೋರ್‌ವೆಲ್ಲಿಗಿಂತ ಎಷ್ಟೋ ಚೆನ್ನಾಗಿ. ಅದೇ ನೀರಿನಲ್ಲಿ ಸತ್ತ ಇಲಿ ತೇಲುತ್ತಿದ್ದರೂ ಅಂಕಿ ಅಲುಗುವುದಿಲ್ಲ.

ನಿಮ್ಮ ಮನೆಯವರು ಹೇಳಿದ್ದು ವಿಜ್ಞಾನದ ದೃಷ್ಟಿಯಿಂದ ಎಲ್ಲಕ್ಕಿಂತ ಸರಿ. ಕುದಿದ ನೀರಿನಲ್ಲಿ ಮೇಲೆ ಹೇಳಿದ ಯಾವುದೂ ಉಳಿಯುವುದಿಲ್ಲ. ಕೊತಕೊತ ಕುದಿಯುವುದು ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರಿನ ಮೇಲೆ ಮೂರು ನಿಮಿಷ ಎನ್ನುತ್ತಾರೆ, ಆದರೆ ಮಹಾರಾಷ್ಟ್ರದ ಎತ್ತರದ ತುದಿ ಕಳಸೂಬಾಯಿಯೇ 1646 ಮೀಟರ್, ಆ ಚಿಂತೆ ನಮಗಿಲ್ಲ. ತೊಡಕು ಗ್ಯಾಸಿನದು. ಒಂದು ಲೀಟರ್ ಕುದಿಯಲು ಸಣ್ಣ ಸ್ಟೋವಿನಲ್ಲಿ ಹದಿನೈದು ಗ್ರಾಂ ಗ್ಯಾಸ್ ಹಿಡಿಯಿರಿ. ಐವರಿಗೆ ಒಂದು ರಾತ್ರಿಗೆ ಹದಿನೈದು ಲೀಟರ್ ಎಂದರೆ 225 ಗ್ರಾಂ, ಅಂದರೆ ಟ್ರೆಕ್ಕಿನ ಒಂದು ಡಬ್ಬಿ ಹೆಚ್ಚುಕಡಿಮೆ ಪೂರ್ತಿ ನೀರಿಗೇ ಹೋಯಿತು. ಹಾಗಾಗಿ ಅವರ ಮಾತನ್ನು ಅರ್ಧ ಪಾಲಿಸಿ. ಚಹಾ, ಅನ್ನ, ಬೇಳೆ ಹೇಗೂ ಕುದಿಯುತ್ತವೆ. ಅವಕ್ಕೆ ಬಟ್ಟೆಯಲ್ಲಿ ಸೋಸಿದ ಟಾಕೆ ನೀರನ್ನೇ ಹಾಕಿ, ಫಿಲ್ಟರ್ ಸವೆಸಬೇಡಿ. ಕುಡಿಯುವ, ಪಾತ್ರೆ ಕೊನೆಗೆ ತೊಳೆಯುವ, ಹಲ್ಲುಜ್ಜುವ ನೀರಿಗೆ ಮಾತ್ರ ಫಿಲ್ಟರ್ ಮತ್ತು ಮಾತ್ರೆ.

ಬಟ್ಟೆ ಎಂದೆನಲ್ಲ, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹಸಿರು ಟಾಕೆಯ ನೀರನ್ನು ನೇರವಾಗಿ ಹಾಕಿದರೆ ಹೊಸ ಫಿಲ್ಟರೂ ಕೆಲವೇ ಲೀಟರಿಗೆ ಉಸಿರು ಕಟ್ಟಿ ನಿಲ್ಲುತ್ತದೆ. ನಾನು ಒಯ್ಯುವುದು ಹಳೆ ಧೋತರದ ತುಂಡು, ನಾಲ್ಕು ಮಡಿಕೆ. ಹಳೆಯದೇ ಏಕೆಂದರೆ ತೊಳೆದು ತೊಳೆದು ನೂಲು ಬಿಚ್ಚಿಕೊಂಡು ಕಂಡಿಗಳು ಸಣ್ಣವಾಗಿರುತ್ತವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಹಳೆ ಹತ್ತಿ ಸೀರೆಯನ್ನು ಮಡಚಿ ನೀರು ಸೋಸಲು ಕಲಿಸಿದಾಗ ಕಾಲರಾ ಸುಮಾರು ಅರ್ಧಕ್ಕಿಳಿದ ವರದಿ 2003ರಲ್ಲಿ ಬಂತು. ನಮ್ಮ ಕಡೆ, ಚರ್ಮ ಸೀಳಿ ದಾರದಂಥ ಹುಳ ಹೊರಬರುವ ನಾರುಹುಣ್ಣು ಹೋದದ್ದಕ್ಕೂ ಈ ಬಟ್ಟೆಯ ಪಾಲಿದೆ. ನೀರ್ಚಿಗಟದೊಳಗೆ ಕೂತು ಬರುತ್ತಿದ್ದ ಆ ಹುಳ ಬಟ್ಟೆಯಲ್ಲೇ ಸಿಕ್ಕಿಬೀಳುತ್ತಿತ್ತು. ಮೆಟ್ಟಿಲ ಬಾವಿ ಮುಚ್ಚಿಸಿ, ಬಟ್ಟೆ ಹಂಚಿ, 2000ದಲ್ಲಿ ದೇಶ ಅದರಿಂದ ಮುಕ್ತವಾಯಿತು.

ಬಟ್ಟೆಯ ಜೊತೆಗೆ ಮೂರು ಮಾರು ಹಗ್ಗ, ತಳ ಕತ್ತರಿಸಿದ ಒಂದು ಬಾಟಲಿ. ನಿಂತ ನೀರಿನಲ್ಲಿ ಫಿಲ್ಟರಿನ ಚೀಲ ಮುಳುಗಿಸಿದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ, ತುಂಬುವುದಿಲ್ಲ, ಮೊಗೆದೇ ಹಾಕಬೇಕು. ಮೊಗೆಯುವಾಗ ಅಂಚಿನ ಪಾಚಿಯನ್ನೂ ತಳದ ಗೋಡನ್ನೂ ಬಿಟ್ಟು ನಡುನೀರು ತೆಗೆಯಿರಿ. ಜನ ಈಜುವ, ಪಾತ್ರೆ ತೊಳೆಯುವ ಟಾಕೆ ಬಿಟ್ಟು ಕುಡಿಯುವ ಟಾಕೆ ಯಾವುದೆಂದು ಅಲ್ಲಿ ಸರಬತ್ತು ಮಾರುವ ಅಕ್ಕಂದಿರನ್ನು ಕೇಳಿ. ಸಿಂಹಗಡದ ದೇವಟಾಕೆಯ ಹಾಗೆ ಪ್ರತಿ ಗಡಕ್ಕೂ ಒಂದು ಒಳ್ಳೆಯ ನೀರಿರುತ್ತದೆ, ಅದು ಊರವರಿಗೆ ಗೊತ್ತಿರುತ್ತದೆ. ಗದ್ದೆಯ ಕೆಳಗಿನ ಹಳ್ಳದ ನೀರು ಮಾತ್ರ ಬೇಡವೇ ಬೇಡ. ಔಷಧ ಹೊಡೆದದ್ದು ನೀರಿನಲ್ಲಿ ಕರಗಿದ್ದರೆ ಈ ಫಿಲ್ಟರ್, ಮಾತ್ರೆ, ಕುದಿ ಯಾವುದಕ್ಕೂ ಹೋಗದು.

ಅದೇ ಅಕ್ಕಂದಿರ ತಾಕದ ಬಗ್ಗೆ ಕೇಳುವಿರೆಂದು ಗೊತ್ತು. ಇಡೀ ದಿನ ಫಿಲ್ಟರ್ ಒತ್ತಿ ಕುಡಿದವರು ತುದಿಯಲ್ಲಿ ಒಂದು ಲೋಟ ಮಜ್ಜಿಗೆ ಗಟಗಟ ಇಳಿಸುತ್ತಾರೆ, ಅದಕ್ಕೆ ಸೇರಿಸಿದ್ದು ಅದೇ ಟಾಕೆಯ ನೀರು. ಕುಡಿಕೆಯ ಗಟ್ಟಿ ಮೊಸರಾದರೆ ನಾನು ಎರಡು ತಿನ್ನುತ್ತೇನೆ. ಬಿಸಿ ಪಿಠಲ-ಭಾಕರಿಗೂ ಹೆದರುವುದಿಲ್ಲ. ತಾಕಕ್ಕೆ ಕೈ ಮುಗಿಯುತ್ತೇನೆ.

ಬಳಕೆಯಲ್ಲಿ ಜನ ಸೋಲುವುದು ಒಂದೇ ಕಡೆ, ಹೊಲಸು ನೀರಿನ ಒಂದು ಹನಿ ಶುದ್ಧ ಕಡೆಗೆ ಬೀಳುವಲ್ಲಿ. ಹೊಲಸು ಚೀಲಕ್ಕೆ ಕೆಂಪು ದಾರ ಕಟ್ಟಿ, ಅದನ್ನು ಹಿಡಿಯುವವರು ಒಬ್ಬರೇ ಇರಲಿ, ಶುದ್ಧ ಕ್ಯಾನಿನ ಮುಚ್ಚಳ ತೆಗೆಯುವವರು ಬೇರೆಯವರಿರಲಿ. ಮಾತ್ರೆಯ ನೀರನ್ನು ಬಾಟಲಿಯ ತಿರುಪಿನ ಮೇಲೂ ಸ್ವಲ್ಪ ಚೆಲ್ಲಿ ತೊಳೆಯಿರಿ. ರಾತ್ರಿ ಮಲಗುವ ಮೊದಲು ಶುದ್ಧ ನೀರಿನಿಂದ ಫಿಲ್ಟರನ್ನು ಹಿಮ್ಮುಖವಾಗಿ ತೊಳೆದುಬಿಡಿ, ಬೆಳಗ್ಗೆ ಹರಿವು ಮರಳಿರುತ್ತದೆ. ಹರಿವು ನಿಧಾನವಾದರೆ ಫಿಲ್ಟರ್ ಕೆಟ್ಟಿದೆ ಎಂದಲ್ಲ, ಕಟ್ಟಿಕೊಂಡಿದೆ ಎಂದಷ್ಟೇ. ಹೆದರಬೇಕಾದದ್ದು ಹಳೆ ಫಿಲ್ಟರ್ ಇದ್ದಕ್ಕಿದ್ದಂತೆ ಹೊಸದರಂತೆ ಹರಿಯತೊಡಗಿದಾಗ, ಒಳಗೆ ನಾರು ಹರಿದಿರಬಹುದು. ಪರೀಕ್ಷೆ ಸುಲಭ. ಪೂರ್ತಿ ಒದ್ದೆಯಾದ ಫಿಲ್ಟರಿಗೆ ಹೊಲಸು ಕಡೆಯಿಂದ ಗಾಳಿ ತುಂಬಿದ ಚೀಲ ಹಚ್ಚಿ ಒತ್ತಿ. ಸರಿಯಿದ್ದರೆ ಗಾಳಿ ದಾಟುವುದಿಲ್ಲ, ಗುಳುಗುಳು ಬಂದರೆ ಎಸೆಯಿರಿ. ಹಿಮಾಲಯಕ್ಕೆ ಒಯ್ದಾಗ ಒಳಗಿನ ನೀರು ಹೆಪ್ಪುಗಟ್ಟಿದರೂ ನಾರು ಸೀಳುತ್ತದೆ, ಅಲ್ಲಿ ಅದನ್ನು ರಾತ್ರಿ ಮಗ್ಗುಲಲ್ಲಿಟ್ಟುಕೊಂಡು ಮಲಗಬೇಕು. ಮನೆಗೆ ಬಂದ ಮೇಲೆ ವಾಸನೆಯಿಲ್ಲದ ಬ್ಲೀಚ್ ಎರಡು ಹನಿ ಬೆರೆಸಿದ ನೀರು ಹಾಯಿಸಿ, ಕೊಡವಿ, ನೆರಳಲ್ಲಿ ಒಣಗಿಸಿ. ತಿಂಗಳುಗಟ್ಟಲೆ ಒಣಗಿದ್ದ ಫಿಲ್ಟರ್ ಮೊದಲಿಗೆ ನೀರನ್ನೇ ಬಿಡದು. ಹೊರಡುವ ಹಿಂದಿನ ದಿನ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ.

ರಾಜಗಡದ ಸಂಜೀವನಿ ಮಾಚಿ ಇಳಿದ ಮೇಲೆ ತೋರಣಾದವರೆಗಿನ ಏಣಿನ ಮೇಲೆ ನಂಬಿ ಹೊರಡುವಂಥ ನೀರಿಲ್ಲ. ಅಂದು ಬೆಳಗ್ಗೆ ತಲೆಗೆ ಮೂರೂವರೆ, ನಾಲ್ಕು ಲೀಟರ್ ಹಿಡಿದೇ ಹೊರಡಬೇಕು, ಐವರಿಗೆ ಇಪ್ಪತ್ತು. ಅಷ್ಟನ್ನು ಬೆಳಗ್ಗೆ ಸೋಸಲು ಕೂತರೆ ಬಿಸಿಲೇರುತ್ತದೆ, ರಾತ್ರಿಯೇ ತೂಗುಹಾಕಿ. ಹೋಗುವ ಮುಂಚಿನ ಭಾನುವಾರ ಬಚ್ಚಲಲ್ಲಿ ಒಂದು ಬಕೆಟ್ ನೀರಿಟ್ಟು, ದೀಪ ಆರಿಸಿ, ತಲೆಗೆ ಟಾರ್ಚ್ ಕಟ್ಟಿಕೊಂಡು ಇಪ್ಪತ್ತು ಲೀಟರ್ ಸೋಸಿ ನೋಡಿ. ಎಷ್ಟು ಹೊತ್ತು ಹಿಡಿಯುತ್ತದೆ, ಕೆಂಪು ದಾರದ ಚೀಲ ಎಷ್ಟು ಸಲ ತಪ್ಪಾದ ಕೈಗೆ ಹೋಗುತ್ತದೆ ಎರಡೂ ಅಲ್ಲೇ ಗೊತ್ತಾಗುತ್ತದೆ.